ಇನ್ನೂರು ಕಪ್ಪಿನ ಲೆಕ್ಕ

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ ಸೋಮವಾರ ಬಂತು. ಓದಿದೆ, ಮಡಚಿಟ್ಟೆ. ಅನ್ನಕ್ಕೆ ಇಟ್ಟು ಬಂದು ಮತ್ತೊಮ್ಮೆ ಓದಿದೆ. ಎರಡನೇ ಸಲ ಬಂದ ಸಿಟ್ಟಿನಲ್ಲಿ ಒಲೆ ಮರೆತೇ ಹೋಗಿ ಅನ್ನ ತಳ ಹಿಡಿಯಿತು. ಹಾಗಾಗಿ ಈ ವಾರ ಬೇರೆ ಪತ್ರಗಳಿಲ್ಲ, ಇದೊಂದೇ.

ವಿಷಯ ಇಷ್ಟು. ಇವರ ಗಂಡ ಪಿಕಪ್ ಓಡಿಸುತ್ತಾರೆ. ಭಾವ ಶಾರ್ಜಾದಲ್ಲಿ. ಓರಗಿತ್ತಿ, ಅಂದರೆ ಇವರ ಬಾಯಲ್ಲಿ 'ಅಕ್ಕ', ಮಕ್ಕಳೊಂದಿಗೆ ಕಾಸರಗೋಡು ಪೇಟೆಯ ಬಾಡಿಗೆ ಮನೆಯಲ್ಲಿದ್ದಾರೆ. ಅಕ್ಕನ ಮಗನ ಬರ್ತ್‌ಡೇ ಹಾಲ್‌ನಲ್ಲಿ ಆಯಿತು. ಬಾಹ್ಯಾಕಾಶದ ಥೀಮ್, ಮೂರು ಅಂತಸ್ತಿನ ಕೇಕ್, ಬಾಗಿಲಲ್ಲಿ ಆಳೆತ್ತರದ ರಾಕೆಟ್. ಇವರು ಕಳೆದ ಮೇ ತಿಂಗಳಲ್ಲಿ ಮಗಳ ಏಳನೇ ಹುಟ್ಟುಹಬ್ಬವನ್ನು ಅಂಗಳದಲ್ಲೇ ಮಾಡಿದರು. ಮಗಳು ಕೇಳಿದ್ದು ಕಡಲಿನ ಥೀಮ್. ಶಂಖಪುಷ್ಪದ ನೀಲಿಯ ಮೇಲೆ ಬೊಂಡದ, ಅಂದರೆ ಎಳನೀರು ಕಾಯಿಯ, ಬಿಳಿ ಪದರ ಕೂರಿಸಿದ ಪುಡ್ಡಿಂಗ್. ಕುಕ್ಕರಿನಲ್ಲಿ ಬೇಯಿಸಿದ ಬಿಸ್ಕೆಟ್ ಕೇಕ್. ಮಾವಿನ ಮರದ ಕೊಂಬೆಗಳಲ್ಲಿ ತೆಂಗಿನ ಗರಿಯಿಂದ ಹೆಣೆದ ಮೀನುಗಳು. ತಿನ್ನಲಿಕ್ಕೆ ಅಡಿಕೆ ಹಾಳೆಯ ತಟ್ಟೆ. ಒಟ್ಟು ಖರ್ಚು 1,150 ರೂಪಾಯಿ.

ಆ ರಾತ್ರಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಫೋಟೋ ಹೋಯಿತು. ಅಕ್ಕ ಬರೆದರು: "ಪಾಪ, ಇದ್ದದ್ದರಲ್ಲೇ ಚೆಂದ ಮಾಡಿದ್ದಾರೆ."

ಗಂಡ ಅದನ್ನು ಓದಿದರು. ಏನೂ ಹೇಳಲಿಲ್ಲ. ಈಗ ಮಗಳಿಗೆ ಎಂಟು ತುಂಬುತ್ತದೆ. ಈ ಸಲ ಹಾಲ್ ಹಿಡಿಯಲೇಬೇಕು ಎಂದು ಅವರ ಹಟ. ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು 8,000 ತರುತ್ತಾರಂತೆ. ಯಾವ ಚಿನ್ನ? ತೊಟ್ಟಿಲಿಗೆ ಹಾಕಿದ ದಿನ ತಾಯಿ ಮನೆಯವರು ಮಗುವಿಗೆ ಹಾಕಿದ ಸರ. ಮಗಳ ಹುಟ್ಟುಹಬ್ಬಕ್ಕೆ ಮಗಳದೇ ಸರ ಅಡವು!

"ಹಾಲ್ ಹಿಡಿಯಲಾ, ಮನೆಯಲ್ಲೇ ಮಾಡಲಾ?" ಇದು ಇವರ ಪ್ರಶ್ನೆ. ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಪುಡ್ಡಿಂಗಿನ ಎರಡು ಪದರ ಕತ್ತರಿಸುವಾಗ ಒಂದರ ಮೇಲೊಂದು ಜಾರುತ್ತದೆ, ಯಾಕೆ?

ತಂಗೀ, ಈ ಎರಡೂ ನಿಮ್ಮ ನಿಜವಾದ ಪ್ರಶ್ನೆ ಅಲ್ಲ. ನಿಜವಾದದ್ದು ಮೂರನೇ ಪುಟದಲ್ಲಿದೆ, ಅದೂ ಬ್ರಾಕೆಟ್ಟಿನ ಒಳಗೆ ಅಡಗಿ ಕೂತಿದೆ. ನೀವು ಬರೆದದ್ದನ್ನು ಹಾಗೇ ಕೊಡುತ್ತೇನೆ: "(ಅಕ್ಕನ ಮಗನ ಬರ್ತ್‌ಡೇಗೆ 80 ಕಪ್ ಪುಡ್ಡಿಂಗ್ ನಾನೇ ಮಾಡಿದ್ದು. ಆಮೇಲೆ ಸಣ್ಣ ಮಗುವಿನ ನಾಮಕರಣಕ್ಕೆ 120. ಕೇಟರಿಂಗ್‌ನವರು ಕಪ್ಪಿಗೆ 50 ಹೇಳಿದ್ದರು, ಅಕ್ಕ ಸರಿ ಅಂತಲೇ ಹೇಳಿದ್ದರು. ಅತ್ತೆ, ನಮ್ಮವಳು ಇರುವಾಗ ದುಡ್ಡು ಯಾಕೆ ಹಾಳು ಮಾಡ್ತಿ, ಅವಳು ಮಾಡ್ತಾಳೆ ಅಂದರು. ಸಾಮಾನು ಅಕ್ಕನೇ ತಂದುಕೊಟ್ಟಿದ್ದರು. ಬರುವ ತಿಂಗಳು ಅವರ ಮನೆ ಒಕ್ಕಲಿಗೂ 150 ಕಪ್ ಹೇಳಿದ್ದಾರೆ.)"

ಬ್ರಾಕೆಟ್ ಮುಚ್ಚಿ ನೀವು ಮುಂದಿನ ಸಾಲಿಗೆ ಹೋಗಿದ್ದೀರಿ. ಬಲೂನಿನ ರೇಟು ಬರೆದಿದ್ದೀರಿ!

ನಾನು ಮಾತ್ರ ಅಲ್ಲೇ ನಿಂತೆ. ಅಂದರೆ ಆ ರಾಕೆಟ್ಟಿನ ಹಾಲ್‌ನಲ್ಲಿ ಎಂಬತ್ತು ಮಂದಿ ಚಮಚ ನೆಕ್ಕಿ ತಿಂದದ್ದು ನಿಮ್ಮ ಕೈಯ ಪುಡ್ಡಿಂಗ್. ಅಲ್ಲಿ ಅದು 'ಡೆಸರ್ಟ್'. ಅದೇ ಪುಡ್ಡಿಂಗ್ ನಿಮ್ಮ ಅಂಗಳದಲ್ಲಿ 'ಪಾಪ'. ಅದೇ ಬೊಂಡ, ಅದೇ ಚೈನಾಗ್ರಾಸ್, ಅದೇ ಕೈ ತಾನೆ?

ಸರಿ, ಲೆಕ್ಕ ಹಾಕೋಣ. ಇಲ್ಲಿ ಬೇಜಾರಿಗಿಂತ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಇನ್ನೂರು ಕಪ್. ನೀವೇ ಬರೆದಂತೆ ಸಾಮಾನಿಗೆ ಕಪ್ಪಿಗೆ ಸುಮಾರು 15 ಬೀಳುತ್ತದೆ. ಅದನ್ನು ಅಕ್ಕ ಕೊಟ್ಟಾಯಿತು. 50ರಲ್ಲಿ 15 ಕಳೆದರೆ 35. ಇನ್ನೂರು ಸಲ 35 ಅಂದರೆ 7,000. ನಿಮ್ಮ ಮನೆಯವರು ಮಗಳ ಸರ ಅಡವಿಟ್ಟು ತರಲು ಹೊರಟದ್ದು 8,000. ಆ ಹಾಲ್‌ಗೆ ಬೇಕಾದ ದುಡ್ಡನ್ನು, ಒಂದು ಸಾವಿರ ಕಡಿಮೆ, ನೀವು ಹೋದ ವರ್ಷವೇ ದುಡಿದು ಬೇರೆಯವರ ಫ್ರಿಜ್ಜಿನಲ್ಲಿಟ್ಟು ಬಂದಿದ್ದೀರಿ.

ಈ ಪುಡ್ಡಿಂಗ್ ಮಾಡದವರಿಗೆ 'ಏನು ಮಹಾ' ಅನ್ನಿಸಬಹುದು. ಅವರಿಗಾಗಿ ಹೇಳುತ್ತೇನೆ. ಹತ್ತು ಗ್ರಾಂ ಚೈನಾಗ್ರಾಸ್‌ನಲ್ಲಿ, ಅಂದರೆ ಪುಡ್ಡಿಂಗ್ ಗಟ್ಟಿ ಮಾಡುವ ಕಡಲಪಾಚಿಯ ಎಳೆಗಳಲ್ಲಿ, ಹೆಚ್ಚುಕಡಿಮೆ ಒಂದು ಲೀಟರ್ ಗಟ್ಟಿಯಾಗುತ್ತದೆ, ಸಣ್ಣ ಕಪ್ ಆದರೆ ಹತ್ತು. 120 ಕಪ್ ಅಂದರೆ ಹನ್ನೆರಡು ಲೀಟರ್. ಬೊಂಡ ಕೆತ್ತಬೇಕು, ತಿರುಳು ಕೆರೆಯಬೇಕು, ರುಬ್ಬಬೇಕು. ಚೈನಾಗ್ರಾಸನ್ನು ನೀರಿನಲ್ಲಿ ನೆನೆಸಿ, ಒಂದು ಎಳೆಯೂ ಕಾಣದಂತೆ ಕುದಿಸಿ ಕರಗಿಸಬೇಕು. ಹಾಲು ಬಿಸಿಯಾಗಿಯೇ ಇರಬೇಕು. ತಣ್ಣನೆಯ ಹಾಲಿಗೆ ಸುರಿದರೆ ಆ ಕ್ಷಣವೇ ಗಂಟು. ಆಮೇಲೆ ಸೋಸಿ, ಆರುವ ಮೊದಲು 120 ಕಪ್ಪಿಗೂ ಒಂದೇ ಮಟ್ಟಕ್ಕೆ ಸುರಿಯಬೇಕು. ನಡುವೆ ಯಾರೋ ಬಂದು "ಚಾ ಉಂಟಾ?" ಅಂದರೆ ಅದನ್ನೂ ಮಾಡಬೇಕು. ನೀವು ರಾತ್ರಿ ಒಂದೂವರೆಗೆ ಮಲಗಿದೆ ಎಂದು ಬರೆದಿದ್ದೀರಿ. ನನಗೇನೂ ಆಶ್ಚರ್ಯ ಆಗಲಿಲ್ಲ.

ಈಗ 'ಮನೆಯವರ ಹತ್ತಿರ ದುಡ್ಡು ಕೇಳುವುದಾ?' ಎಂಬ ಮಾತು ಬಂದೇ ಬರುತ್ತದೆ. ಕೇಳಿ. ನಮ್ಮ ಊರಿನಲ್ಲಿ ಮದುವೆಯ ಹಿಂದಿನ ರಾತ್ರಿ ನೆರೆಕರೆಯವರೆಲ್ಲ ಕತ್ತಿ ಹಿಡಿದು ತರಕಾರಿ ಕೊರೆಯಲಿಕ್ಕೆ ಬರುತ್ತಾರೆ. ಯಾರೂ ಸಂಬಳ ಕೇಳುವುದಿಲ್ಲ. ಯಾಕೆ? ನಾಳೆ ಅವರ ಮನೆ ಮದುವೆಗೆ ನಾವು ಕತ್ತಿ ಹಿಡಿದು ಹೋಗುತ್ತೇವೆ. ಅದು ಮುಯ್ಯಿ. ಕೆಲಸಕ್ಕೆ ಕೆಲಸ. ನಿಮ್ಮ ಮಗಳ ಹುಟ್ಟುಹಬ್ಬದ ಹಿಂದಿನ ದಿನ ಅಕ್ಕ ಬಂದು ಒಂದು ಬೊಂಡ ಕೆರೆದರಾ? ಅತ್ತೆ ಒಂದು ಗರಿ ಸೀಳಿಕೊಟ್ಟರಾ? ನೀವೇ ಬರೆದಿದ್ದೀರಿ, ಅಕ್ಕ ಸಂಜೆ ಐದಕ್ಕೆ ಕಾರಿನಲ್ಲಿ ಬಂದರು, ಆರೂವರೆಗೆ ಹೋದರು. ಮುಯ್ಯಿ ಇಲ್ಲದ ಕಡೆ ಕೂಲಿ ಇರಬೇಕು. ಕೂಲಿಯೂ ಇಲ್ಲದಿದ್ದರೆ ಅದಕ್ಕೆ ನಮ್ಮ ಅಜ್ಜಂದಿರ ಕಾಲದಲ್ಲಿ ಬಿಟ್ಟಿ ಅನ್ನುತ್ತಿದ್ದರು.

ಅಕ್ಕನ ಮೇಲೆ ನನಗೆ ಅಂಥಾ ಸಿಟ್ಟಿಲ್ಲ, ನಂಬಿ. ಆಕೆ ಕೇಟರಿಂಗ್‌ನವರಿಗೆ ಸರಿ ಎಂದಿದ್ದರು. 'ಪಾಪ' ಅಂದದ್ದು ದೊಡ್ಡಸ್ತಿಕೆ ಹೌದು, ಆದರೆ ಬಾಯಿತಪ್ಪಿಯೂ ಬಂದಿರಬಹುದು. ನನ್ನ ಸಿಟ್ಟೆಲ್ಲ ನಿಮ್ಮ ಅತ್ತೆಯ ಮೇಲೆ. ಹಿರಿಯರು, ಆದರೂ ಹೇಳುತ್ತೇನೆ. ಒಬ್ಬ ಸೊಸೆಯ ದುಡ್ಡು ಉಳಿಸಲು ಇನ್ನೊಬ್ಬ ಸೊಸೆಯ ನಿದ್ದೆ ಕೊಟ್ಟವರು ಅವರು. ಅದೂ ನಿಮ್ಮನ್ನು ಒಂದು ಮಾತು ಕೇಳದೆ. ನಿಮ್ಮ ರಟ್ಟೆಯನ್ನು ದಾನ ಮಾಡುವ ಹಕ್ಕು ಅವರಿಗೆ ಕೊಟ್ಟವರು ಯಾರು? ಆ ಎರಡು ಮನೆಗಳ ನಡುವೆ 'ಪಾಪ' ಎಂಬ ಮಾತು ಬೆಳೆದದ್ದು ಅಲ್ಲಿಂದಲೇ. ಸುಮ್ನೆ ಸಿಗುವುದಕ್ಕೆ ಬೆಲೆ ಕಟ್ಟಲಿಕ್ಕೆ ಯಾರಿಗೆ ತಾನೆ ಬರುತ್ತದೆ?

ನಿಮ್ಮ ಮೇಲೂ ಒಂದು ದೂರು ಇದೆ. ಈ ಅಂಕಣ ಓದುವವರಿಗೆ ನನ್ನ ಹಳೇ ಹಾಡು ಗೊತ್ತು: ಬಡಿಸುವ ಮೊದಲು ಕ್ಷಮೆ ಕೇಳಬಾರದು. ನೀವು ಪುಡ್ಡಿಂಗ್ ಇಡುವಾಗ "ಸುಮ್ನೆ ಏನೋ ಮಾಡಿದ್ದು, ಪೇಟೆಯ ಹಾಗೆ ಆಗಲಿಲ್ಲ" ಅಂದಿರಂತೆ. ಯಾಕೆ ಹೇಳಿದಿರಿ ಅದನ್ನು? ನಮ್ಮ ಮಗನ ಐದನೇ ವರ್ಷದ ಹುಟ್ಟುಹಬ್ಬಕ್ಕೆ ನಾನು ಚೈನಾಗ್ರಾಸ್ ಬದಲು ಜೆಲಾಟಿನ್ ತಂದು ಹಸಿ ಅನಾನಾಸು ಹಾಕಿ ಪುಡ್ಡಿಂಗ್ ಮಾಡಲು ಹೊರಟಿದ್ದೆ. ಜೆಲಾಟಿನ್ ಪ್ರೊಟೀನ್. ಹಸಿ ಅನಾನಾಸಿನಲ್ಲಿ ಅದನ್ನು ಒಡೆಯುವ ಕಿಣ್ವ ಇರುತ್ತದೆ. ಹಸಿ ಪಪ್ಪಾಯಿಯಲ್ಲೂ ಇರುತ್ತದೆ. ಆಗ ನನಗೆ ಇದೆಲ್ಲ ಎಲ್ಲಿ ಗೊತ್ತು? ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೂ ನೀರಿನ ಹಾಗೇ ಇತ್ತು. ಬೆಳಿಗ್ಗೆ ಅದಕ್ಕೆ ಏಲಕ್ಕಿ ಹಾಕಿ ಲೋಟದಲ್ಲಿ ಕೊಟ್ಟೆ. "ಅನಾನಾಸಿನ ಪಾನಕ" ಅಂದೆ, ಕತ್ತೆತ್ತಿಕೊಂಡೇ ಅಂದೆ. ಇಬ್ಬರು ಮಾಡುವ ಕ್ರಮ ಕೇಳಿ ಬರೆದುಕೊಂಡು ಹೋದರು. ಅವರು ಮನೆಯಲ್ಲಿ ಏನು ಮಾಡಿದರೋ ದೇವರೇ ಬಲ್ಲ.

ಇನ್ನು 'ಇದ್ದದ್ದರಲ್ಲಿ' ಎಂಬ ಮಾತು. ಕಾಸರಗೋಡಿನ ಮಧೂರು ದೇವಸ್ಥಾನದಲ್ಲಿ 1992ರಲ್ಲಿ ಮೂಡಪ್ಪ ಸೇವೆ ಆಯಿತು, ಆಮೇಲೆ 2025ರಲ್ಲಿ. ಗಣಪತಿಯ ಮೂರ್ತಿಯನ್ನೇ ಅಪ್ಪಗಳಿಂದ ಮುಚ್ಚುವ ಸೇವೆ. ಅಪ್ಪ ಅಂದರೆ ಏನು? ಅಕ್ಕಿ, ಬೆಲ್ಲ, ತುಪ್ಪ. ನಮ್ಮ ಅಡುಗೆ ಮನೆಯಲ್ಲಿ ಇರುವುದೇ. ಊರಿಗೆ ಊರೇ ಬಂದು ಕೈಮುಗಿದು ಪ್ರಸಾದ ತಗೊಂಡು ಹೋಯಿತು. "ಪಾಪ ಗಣಪತಿ, ಇದ್ದದ್ದರಲ್ಲೇ ಮುಗಿಸಿಬಿಟ್ಟರು" ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನನಗಂತೂ ಗೊತ್ತಿಲ್ಲ.

ಗಂಡನ ವಿಷಯ ಬೇಗ ಮುಗಿಸುತ್ತೇನೆ. ಅವರಿಗೆ ಅವಮಾನ ಆಗಿದೆ, ಅದು ಅರ್ಥವಾಗುತ್ತದೆ. ಅಣ್ಣ ಗಲ್ಫ್‌ನಲ್ಲಿ, ತಮ್ಮ ಪಿಕಪ್‌ನಲ್ಲಿ. ಆದರೆ ಅವಮಾನಕ್ಕೆ ಮದ್ದು ಸೊಸೈಟಿಯಲ್ಲಿ ಸಿಗುವುದಿಲ್ಲ, ಬಡ್ಡಿ ಸಿಗುತ್ತದೆ. ಸರ ಮನೆಯಲ್ಲೇ ಇರಲಿ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಅಕ್ಕನಿಗೆ ಫೋನ್ ಮಾಡಿ. ಅತ್ತೆಯ ಮೂಲಕ ಅಲ್ಲ, ಗಂಡನ ಮೂಲಕ ಅಲ್ಲ, ಗ್ರೂಪಿನಲ್ಲಂತೂ ಅಲ್ಲವೇ ಅಲ್ಲ. ನೀವೇ, ಬೆಳಿಗ್ಗೆ ಹತ್ತರ ಮೇಲೆ, ಮಕ್ಕಳ ಗಲಾಟೆ ಇಲ್ಲದ ಹೊತ್ತಿಗೆ. ಇಷ್ಟು ಹೇಳಿ: "ಅಕ್ಕಾ, ಮನೆ ಒಕ್ಕಲಿಗೆ 150 ಕಪ್ ಅಂತ ಅತ್ತೆ ಹೇಳಿದರು. ಮಾಡಿಕೊಡುತ್ತೇನೆ. ಸಾಮಾನು ನಾನೇ ತರುತ್ತೇನೆ. ಕಪ್ಪಿಗೆ 50. ಅರ್ಧ ಮೊದಲೇ ಬೇಕಾಗುತ್ತದೆ." ಅಲ್ಲಿಗೆ ಬಾಯಿ ಮುಚ್ಚಿ. ಕಷ್ಟದ ಕತೆ ಹೇಳಬೇಡಿ, ಹಳೇ ಇನ್ನೂರು ಕಪ್ಪಿನ ಸುದ್ದಿ ಎತ್ತಬೇಡಿ, 'ನಿಮಗೆ ಬೇಜಾರಾಗದಿದ್ದರೆ' ಅನ್ನಬೇಡಿ. ಆಮೇಲೆ ಬರುವ ಮೌನವನ್ನು ತುಂಬಲು ಹೋಗಬೇಡಿ. ಅದು ಅಕ್ಕನ ಪಾಲಿನದು.

ಮುಂಗಡ 3,750 ಬಂದ ಮೇಲೆ ಚೈನಾಗ್ರಾಸ್ ತನ್ನಿ. ಬರದಿದ್ದರೆ ತರಬೇಡಿ. ನಿಮ್ಮ ಕುಟುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನ ಇಬ್ಬರನ್ನು ಕರೆದುಕೊಳ್ಳಿ, ಅವರಿಗೂ ಕೂಲಿ ಕೊಡಿ. ಮುಂದೆ ಹೊರಗಿನವರಿಗೂ ಮಾರುವ ಆಸೆ ಹುಟ್ಟಿದರೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮಾಡಿಸಬೇಕು. ಆ ದಾರಿ ನಿಮ್ಮ ಗುಂಪಿನವರೇ ತೋರಿಸುತ್ತಾರೆ.

ಮಗಳ ಹುಟ್ಟುಹಬ್ಬವನ್ನು ಅಂಗಳದಲ್ಲೇ ಮಾಡಿ. ಅವಳು ಈ ಸಲವೂ ಕಡಲೇ ಬೇಕು ಅಂದಿದ್ದಾಳಂತೆ. ಹಾಲ್ ಕೇಳಿದ್ದು ಅವಳಲ್ಲವಲ್ಲ!

ಇನ್ನು ಜಾರುವ ಪದರಕ್ಕೆ ಉತ್ತರ. ನೀವು ನೀಲಿ ಪದರ ಪೂರ್ತಿ ತಣ್ಣಗಾದ ಮೇಲೆ ಬಿಳಿಯದನ್ನು ಸುರಿದಿದ್ದೀರಿ. ಅಷ್ಟು ಹೊತ್ತು ಕಾಯಬಾರದು. ಬೆರಳು ತಾಗಿಸಿದರೆ ಅಂಟಬೇಕು, ಆದರೆ ಕಿತ್ತು ಬರಬಾರದು, ಒಳಗೆ ಇನ್ನೂ ಬೆಚ್ಚಗಿರಬೇಕು. ಆಗ ಎರಡನೆಯದನ್ನು ಸೌಟಿನ ಹಿಂಬದಿಯ ಮೇಲೆ ಮೆಲ್ಲಗೆ ಸುರಿಯಿರಿ. ಕುದಿಯುವುದನ್ನು ಸುರಿದರೆ ಕೆಳಗಿನದು ಕರಗುತ್ತದೆ, ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಸಾಕು. ಕಳೆದ ಸಲ ಅರ್ಧ ಕಪ್ಪುಗಳು ನೇರಳೆ ಆದವು ಎಂದು ಬರೆದಿದ್ದೀರಿ. ಅದಕ್ಕೆ ಯಾರೋ ನಿಂಬೆ ಹಿಂಡಿದ್ದಾರೆ. ಶಂಖಪುಷ್ಪದ ನೀಲಿಗೆ ಹುಳಿ ಬಿದ್ದರೆ ನೇರಳೆಯಾಗುತ್ತದೆ. ಹಾಳಾಯಿತು ಅಂದುಕೊಳ್ಳಬೇಡಿ, ಬೇಕಲದಲ್ಲಿ ಸಂಜೆ ಆರೂವರೆಗೆ ಕಡಲು ಅದೇ ಬಣ್ಣದಲ್ಲಿರುತ್ತದೆ. ಚೈನಾಗ್ರಾಸ್ ಮೇ ತಿಂಗಳ ಸೆಕೆಗೆ ಕರಗುವುದಿಲ್ಲ, ಅಂಗಳದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಒಳಗಿರುವುದು ಹಾಲು. ಕೊಡುವ ಹೊತ್ತಿನವರೆಗೂ ತಣ್ಣಗಿಡಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಫೋನ್ ಮಾಡಿದ ಮೇಲೆ ನನಗೆ ಬರೆಯಿರಿ. ಅಕ್ಕ ಏನೆಂದರು ಎನ್ನುವುದನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ಅತ್ತೆ ಏನೆಂದರು ಎನ್ನುವುದನ್ನು ಮಾತ್ರ ಪೂರ್ತಿ ಬರೆಯಿರಿ, ಬ್ರಾಕೆಟ್ ಹಾಕದೆ.