ಮೊದಲು ಆ ಫಾರಂ ತೆಗೆದು ನೋಡು

ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ. ಅಟ್ಲಾಂಟಾಗೆ ಬಂದು ಎರಡು ವರ್ಷ, ಎಚ್1ಬಿ ವೀಸಾ, ಹೆಂಡತಿ, ಒಂದು ಪುಟ್ಟ ಮಗು. ಕಂಪನಿಯ 401ಕೆಗೆ, ಅಂದರೆ ಕಂಪನಿ ಮೂಲಕ ನಿವೃತ್ತಿಗೆ ಕೂಡಿಡುವ ಖಾತೆಗೆ, ದುಡ್ಡು ಕಟ್ಟುತ್ತಿದ್ದೀಯ. ನನಗೇನಾದರೂ ಆದರೆ ಅದು ಯಾರಿಗೆ, ಟ್ಯಾಕ್ಸ್ ಎಷ್ಟು, ಊರಿಗೆ ವಾಪಸ್ ಹೋದರೆ ಏನು ಮಾಡಲಿ ಅಂತ ನಿನ್ನ ಪ್ರಶ್ನೆ.

ಇವತ್ತೇ ಬೆನಿಫಿಶಿಯರಿ ಫಾರಂ ನೋಡು, ನಿನ್ನ ನಂತರ ದುಡ್ಡು ಯಾರಿಗೆ ಅಂತ ಬರೆದಿರುವ ಫಾರಂ ಅದು. ಊರಿನ ಬ್ಯಾಂಕಿನಲ್ಲಿ ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು ಅಷ್ಟೇ, ವಾರಸುದಾರರ ಹಕ್ಕು ಹಾಗೇ ಇರುತ್ತದೆ. ಇಲ್ಲಿ ಹಾಗಲ್ಲ. ಫಾರಂನಲ್ಲಿ ಯಾರ ಹೆಸರಿದೆಯೋ ದುಡ್ಡು ಅವರದೇ. ವಿಲ್‌ನಲ್ಲಿ ಬೇರೆ ಬರೆದಿದ್ದರೂ ನಡೆಯುವುದಿಲ್ಲ. ಡ್ಯುಪಾಂಟ್ ಕಂಪನಿಯ ನೌಕರರೊಬ್ಬರು ಡಿವೋರ್ಸ್ ಆದಮೇಲೂ ಹೆಂಡತಿಯ ಹೆಸರಿದ್ದ ಫಾರಂ ಬದಲಿಸಿರಲಿಲ್ಲ. ಆ ದುಡ್ಡಿನ ಹಕ್ಕನ್ನು ಆಕೆ ಡಿವೋರ್ಸ್‌ನಲ್ಲೇ ಬಿಟ್ಟುಕೊಟ್ಟಿದ್ದರು. ಆದರೂ ಆ ನೌಕರರು ತೀರಿಕೊಂಡಾಗ ಸುಮಾರು 4 ಲಕ್ಷ ಡಾಲರ್ ಆಕೆಗೇ ಹೋಯಿತು. ಮಗಳು ಕೋರ್ಟಿಗೆ ಹೋದರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಫಾರಂ ನೋಡಿ ಕೊಟ್ಟಿದ್ದು ಸರಿ ಎಂದಿತು.

401ಕೆಯಲ್ಲಿ ಮದುವೆಯಾದವರಿಗೆ ಒಂದು ರಕ್ಷಣೆ ಇದೆ. ಹೆಂಡತಿ ಬರೆದುಕೊಡದೆ ಬೇರೆಯವರನ್ನು ಬೆನಿಫಿಶಿಯರಿ ಮಾಡಲು ಆಗುವುದಿಲ್ಲ. ಕೆಲಸ ಬಿಟ್ಟು ದುಡ್ಡನ್ನು ಐಆರ್‌ಎಗೆ, ಅಂದರೆ ನಾವೇ ತೆರೆಯುವ ನಿವೃತ್ತಿ ಖಾತೆಗೆ, ರೋಲ್‌ಓವರ್ (ವರ್ಗಾವಣೆ) ಮಾಡಿದರೆ ಆ ರಕ್ಷಣೆ ಹೋಯಿತು. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಯಜಮಾನರು ಕೆಲಸ ಬದಲಿಸಿ ತೆರೆದ ಐಆರ್‌ಎಯಲ್ಲಿ ಬೆನಿಫಿಶಿಯರಿ ಜಾಗ ಆರು ವರ್ಷ ಖಾಲಿ ಇತ್ತು. ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖಾಲಿ ಬಿಟ್ಟರೆ ಎಷ್ಟೋ ಕಡೆ ದುಡ್ಡು ಎಸ್ಟೇಟ್‌ಗೆ, ಅಂದರೆ ತೀರಿಕೊಂಡವರ ಒಟ್ಟು ಆಸ್ತಿಗೆ, ಸೇರುತ್ತದೆ. ಆಮೇಲೆ ಆ ಆಸ್ತಿ ಹಂಚಿಕೆ ನೋಡುವ ಪ್ರೊಬೇಟ್ ಕೋರ್ಟಿಗೆ ಅಲೆಯಬೇಕು.

ಇನ್ನು ಟ್ಯಾಕ್ಸ್. ದುಡ್ಡು ಸೇರುವುದು ಹೆಂಡತಿಗಾದರೆ ಅವಳು ಅದನ್ನು ತನ್ನದೇ ಐಆರ್‌ಎಗೆ ಹಾಕಿಕೊಂಡು ಟ್ಯಾಕ್ಸ್ ಮುಂದೂಡಬಹುದು. ದೊಡ್ಡ ಮಕ್ಕಳಾದರೆ 10 ವರ್ಷದೊಳಗೆ ಪೂರ್ತಿ ತೆಗೆಯಬೇಕು, ಅದೆಲ್ಲ ಅವರ ಆದಾಯಕ್ಕೆ ಸೇರುತ್ತದೆ. ಟ್ಯಾಕ್ಸ್ ಮೊದಲೇ ಕಟ್ಟಿ ದುಡ್ಡು ಹಾಕುವ ರಾಥ್ ಖಾತೆಗೆ ಐದು ವರ್ಷ ತುಂಬಿದ್ದರೆ ಅವರಿಗೆ ಇಲ್ಲಿ ಟ್ಯಾಕ್ಸ್ ಇಲ್ಲ. ಇಲ್ಲೇ ಇರುವ ಯೋಚನೆ ಇದ್ದರೆ, ಸಂಬಳ ಕಡಿಮೆ ಇರುವಾಗಲೇ ಸ್ವಲ್ಪ ರಾಥ್‌ಗೆ ಹಾಕು. ಮಗುವಿನ ಹೆಸರನ್ನು ಸುಮ್ನೆ ನೇರವಾಗಿ ಹಾಕಬೇಡ, ದುಡ್ಡು ನೋಡಿಕೊಳ್ಳುವ ದೊಡ್ಡವರೊಬ್ಬರ ಹೆಸರೂ ಇರಲಿ.

ಇನ್ನು ಊರಿಗೆ ಹೋಗುವ ಮಾತು. ಇಂಡಿಯಾದಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ಟ್ಯಾಕ್ಸ್, 1985ರಲ್ಲೇ ಹೋಯಿತು. ಹಾಗಾಗಿ ಅಮೆರಿಕದಲ್ಲಿ ಅಂಥ ಟ್ಯಾಕ್ಸ್ ಇದೆ ಅಂತ ನಮ್ಮವರಿಗೆ ಹೊಳೆಯುವುದೇ ಇಲ್ಲ. ಇಲ್ಲಿ ನೆಲೆಸಿದವರಿಗೆ 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ಎಸ್ಟೇಟ್ ಟ್ಯಾಕ್ಸ್ ಇಲ್ಲ. ಸಿಟಿಜನ್ ಅಲ್ಲದವರು ಊರಿಗೆ ಹೋಗಿ ನೆಲೆಸಿ, ಆಮೇಲೆ ತೀರಿಕೊಂಡರೆ ಮಿತಿ ಬರೀ 60,000 ಡಾಲರ್! ಇಲ್ಲಿ ಬಿಟ್ಟುಬಂದ 401ಕೆಯೂ ಲೆಕ್ಕಕ್ಕೆ ಬರುತ್ತದೆ. ಮಿತಿ ದಾಟಿದ್ದಕ್ಕೆ ಟ್ಯಾಕ್ಸ್ ಶೇ. 40ರವರೆಗೂ ಹೋಗಬಹುದು. ಹೆಂಡತಿಗೇ ಬಿಟ್ಟರೂ ಅವಳು ಸಿಟಿಜನ್ ಅಲ್ಲದಿದ್ದರೆ ವಿಶೇಷ ಟ್ರಸ್ಟ್ ಇಲ್ಲದೆ ವಿನಾಯಿತಿ ಸಿಗುವುದಿಲ್ಲ. ಲೈಫ್ ಇನ್ಶೂರೆನ್ಸ್ ದುಡ್ಡು ಮಾತ್ರ ಹಾಗೆ ಊರಿನಲ್ಲಿ ನೆಲೆಸಿದವರ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೇ ಟರ್ಮ್ ಪಾಲಿಸಿ ಉಳಿಸಿಕೋ.

ಹಾಗಂತ ಹೊರಡುವ ಗಡಿಬಿಡಿಯಲ್ಲಿ ಎಲ್ಲಾ ತೆಗೆದುಬಿಡಬೇಡ. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ಟ್ಯಾಕ್ಸ್ ಜೊತೆ ಶೇ. 10 ದಂಡ ಬೇರೆ. ಹೊರಡುವ ಒಂದು ವರ್ಷ ಮೊದಲೇ ಎರಡೂ ದೇಶದ ಟ್ಯಾಕ್ಸ್ ಬಲ್ಲ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕ) ಹತ್ತಿರ ಕೂತು ಲೆಕ್ಕ ಹಾಕಿಸು.

ಒಂದು ಮಾತು, ನಿನ್ನ 401ಕೆ ಯಾವ ಕಂಪನಿಯಲ್ಲಿದೆ ಅಂತ ನಿನ್ನ ಹೆಂಡತಿಗೆ ಗೊತ್ತಿದೆಯಾ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡು.