ಸಿಂಗಪುರದಲ್ಲಿ ಗಲಾಟೆ ಆದ್ರೆ ಸರ್ಕಾರ ಯಾರ ಕಡೆ?

ಕೆಲಸದ ಮೇಲೆ ಮುಂದಿನ ತಿಂಗಳು ಬರ್ತಿದೀನಿ, ಅಲ್ಲಿ ಹಿಂದೂಗಳು ಮೈನಾರಿಟಿ ಅಲ್ವಾ, ಗಲಾಟೆ ಗಿಲಾಟೆ ಆದ್ರೆ ಸರ್ಕಾರ ಯಾರ ಕಡೆ ನಿಲ್ಲುತ್ತೆ ಅಂತ ಕೇಳಿದೀರಲ್ಲ. ನಾನಿಲ್ಲಿ ಬಂದು ಹದಿನೆಂಟು ವರ್ಷ ಆಯ್ತು, ನೋಡಿದ್ದು ಹೇಳ್ತೀನಿ. ಯಾರ ಕಡೆನೂ ನಿಲ್ಲಲ್ಲ, ಗಲಾಟೆ ಆಗೋ ತನಕ ಕಾಯೋದೂ ಇಲ್ಲ, ಯಾವನು ಬಾಯಿ ಬಿಟ್ಟನೋ ಅವನನ್ನ ಮೊದ್ಲು ಕರೆಸ್ತಾರೆ ಅಷ್ಟೇ.

ಸರ್ಕಾರಕ್ಕೆ ಈ ಗಲಾಟೆ ಭಯ ಬಂದಿದ್ದು 1964ರಲ್ಲಿ. ಪ್ರವಾದಿ ಜಯಂತಿ ಮೆರವಣಿಗೆಲಿ ಶುರುವಾಗಿ ಮಲಯ್ ಚೈನೀಸ್ ಹೊಡೆದಾಡಿ ಜುಲೈನಲ್ಲೇ 23 ಜನ ಸತ್ರು. ಆಮೇಲೆ ಧಾರ್ಮಿಕ ಕಾಲ್ನಡಿಗೆ ಮೆರವಣಿಗೆನೇ ಬಂದ್, ವಿನಾಯಿತಿ ಕೊಟ್ಟಿರೋದು ನಮ್ಮ ಹಿಂದೂಗಳಿಗೆ, ತೈಪೂಸಂ (ಮುರುಗನಿಗೆ ಕಾವಡಿ ಹೊರೋ ತಮಿಳರ ಹಬ್ಬ) ಥರದ ಮೂರು ಹಬ್ಬಕ್ಕೆ. ಆದ್ರೂ ನಮ್ಮವ್ರಿಗೆ ಒಂದು ಸಿಟ್ಟಿದೆ, ಚೈನೀಸ್ ಹೊಸ ವರ್ಷಕ್ಕೆ ಸಿಂಹದ ಕುಣಿತ ಅಂತ ಡೋಲು ಬಡೀತಾರೆ, ಕಾವಡಿ ಹೊತ್ತವ್ರು ಮಾತ್ರ ಯಾಕೆ ವಾದ್ಯ ಇಲ್ದೆ ಸುಮ್ನೆ ನಡೀಬೇಕು ಅಂತ. ಸೆರಂಗೂನ್ ರೋಡಿಂದ ಟ್ಯಾಂಕ್ ರೋಡ್ ತನಕ ಬೆನ್ನಿಗೆ ಕೊಕ್ಕೆ ಸಿಕ್ಕಿಸ್ಕೊಂಡು ಹೋಗೋರಿಗೆ ವಾದ್ಯದ ಬಲ ಬೇಕು, ಅದು ನ್ಯಾಯವಾದ ಮಾತೇ. 2015ರಲ್ಲಿ ಇದೇ ವಿಷ್ಯಕ್ಕೆ ಪೊಲೀಸ್ ಜೊತೆ ತಳ್ಳಾಟ ಆಗಿ ಮೂವರನ್ನ ಹಿಡಿದ್ರು, ಮುಂದಿನ ವರ್ಷ ದಾರಿಲಿ ಮೂರು ಕಡೆ ವಾದ್ಯಕ್ಕೆ ಒಪ್ಪಿಗೆ ಕೊಟ್ರು. ಮುಸ್ಲಿಮರದ್ದೂ ಹಿಂಗೇ, ಸಿಖ್ಖರಿಗೆ ಪೊಲೀಸ್‌ನಲ್ಲಿ ಪೇಟ ಓಕೆ, ನಮ್ ನರ್ಸ್‌ಗೆ ತಲೆವಸ್ತ್ರ ಯಾಕಿಲ್ಲ ಅಂತ ವರ್ಷಗಟ್ಲೆ ಕೇಳಿ ಕೇಳಿ 2021ರ ನವೆಂಬರಲ್ಲಿ ಸಿಕ್ತು. ಅಂದ್ರೆ ಕೊಡ್ತಾರೆ, ಆದ್ರೆ ಕೂಗಿದ್ದಕ್ಕೆ ಕೊಟ್ಟಂಗೆ ಕಾಣಬಾರ್ದು!

ಈಗ ನಿಮಗೆ ಸಂಬಂಧಪಟ್ಟ ವಿಷ್ಯ. 2010ರಲ್ಲಿ ಒಬ್ಬ ಪಾದ್ರಿ ಬೌದ್ಧರನ್ನ ಗೇಲಿ ಮಾಡಿದ ವಿಡಿಯೋ ಹರಡ್ತು, ಕರೆಸಿ ಮಾತಾಡಿದ್ರು, ಅವ್ರು ಬಹಿರಂಗವಾಗಿ ಕ್ಷಮೆ ಕೇಳಿದ್ರು, ಮುಗೀತು. 2017ರಲ್ಲಿ ಇಂಡಿಯಾದಿಂದ ಬಂದಿದ್ದ ಇಮಾಮ್ ಒಬ್ರು ಪ್ರಾರ್ಥನೆಲಿ ಯಹೂದಿ ಕ್ರಿಶ್ಚಿಯನ್ನರ ವಿರುದ್ಧ ಒಂದು ಮಾತು ಸೇರಿಸಿದ್ರು, ಕ್ಷಮೆ ಕೇಳಿದ್ರೂ 4,000 ಡಾಲರ್ ದಂಡ, ಆಮೇಲೆ ಊರಿಗೆ ವಾಪಸ್. ಇದು ಸಮ ಅಂತ ನಂಗೇನೂ ಅನ್ನಿಸಲ್ಲ. ನೀವೂ ವರ್ಕ್ ಪಾಸ್ (ಕೆಲಸದ ಪರ್ಮಿಟ್) ಮೇಲೆ ಬರ್ತಿರೋರು, ಅದನ್ನ ನೆನಪಿಟ್ಕೊಳ್ಳಿ. ಊರಿಂದ ಬರೋ ವಾಟ್ಸಾಪ್ ಫಾರ್ವರ್ಡ್‌ಗಳನ್ನ ಆಫೀಸ್ ಗ್ರೂಪಿಗೆ ಹಾಕೋ ಚಾಳಿ ಇದ್ರೆ ಏರ್‌ಪೋರ್ಟಲ್ಲೇ ಬಿಟ್ ಬನ್ನಿ.

ದಿನಬಳಕೆಲಿ ಮಾತ್ರ ಆರಾಮ. ಸರ್ಕಾರಿ ಫ್ಲ್ಯಾಟ್‌ಗಳಲ್ಲಿ 1989ರಿಂದ ಬ್ಲಾಕ್‌ಗೆ ಇಷ್ಟು ಚೈನೀಸ್ ಇಷ್ಟು ಮಲಯ್ ಇಷ್ಟು ಇಂಡಿಯನ್ ಅಂತ ಕೋಟಾ ಇದೆ (ಮಾರೋಕೆ ಹೋದಾಗ ಗೊತ್ತಾಗುತ್ತೆ ಅದರ ಕಷ್ಟ, ಚೈನೀಸ್ ಕೋಟಾ ತುಂಬಿರೋ ಬ್ಲಾಕಲ್ಲಿ ನೀವು ಚೈನೀಸ್ ಗಿರಾಕಿಗೆ ಮಾರೋ ಹಾಗಿಲ್ಲ). ಹಂಗಾಗಿ ನಮ್ಮ ಬ್ಲಾಕ್ ಕೆಳಗೆ ಕಂಬಗಳ ಮಧ್ಯದ ಖಾಲಿ ಜಾಗದಲ್ಲಿ ಈ ವಾರ ಮಲಯ್ ಮದುವೆ ಬಿರಿಯಾನಿ, ಮುಂದಿನ ವಾರ ಅದೇ ಜಾಗದಲ್ಲಿ ಚೈನೀಸ್ ಸಾವಿನ ಮನೆ, ಹೆಣದ ಪೆಟ್ಟಿಗೆ ಪಕ್ಕ ರಾತ್ರಿಯೆಲ್ಲಾ ಕಡ್ಲೆಕಾಯಿ ತಿಂತಾ ಕೂತಿರ್ತಾರೆ. ಯಾರೂ ಕಂಪ್ಲೇಂಟ್ ಮಾಡಲ್ಲ.

ಅಂದಂಗೆ ಆಗಸ್ಟ್ ಹೊತ್ತಿಗೆ ಚೈನೀಸರ ಪಿತೃಪಕ್ಷದ ಥರದ್ದು ಬರುತ್ತೆ, ಕೆಳಗೆ ಡ್ರಮ್ಮಲ್ಲಿ ಕಾಗದದ ದುಡ್ಡು ಸುಡ್ತಾರೆ. ಸಂಜೆ ಮೇಲೆ ಬಿಳಿ ಶರ್ಟ್ ಹೊರಗೆ ಒಣಗಿಸ್ಬೇಡಿ, ಬೂದಿ ಆರನೇ ಮಹಡಿ ತನಕ ಹಾರಿ ಬರುತ್ತೆ.