ಪ್ಲಗ್ ಪಾಯಿಂಟಿನಿಂದ ಇಂಟರ್ನೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ. ರೂಟರ್ ಕೆಳಗಿನ ಹಜಾರದಲ್ಲಿದೆ. ಮಗಳು ಓದುವ ಕೋಣೆ ಮಹಡಿಯ ಹಿಂಬದಿಯಲ್ಲಿದ್ದು, ಅಲ್ಲಿಗೆ ವೈಫೈ ತಲುಪುವುದೇ ಕಷ್ಟ. ಗೋಡೆ ಕೊರೆಸಲು ಮನಸ್ಸಿಲ್ಲ. ಪ್ಲಗ್‌ಗೆ ಸಿಕ್ಕಿಸುವ ಒಂದು ಜೋಡಿ ಅಡಾಪ್ಟರ್ ತಂದರೆ ಸಾಕು, ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಹರಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಇದು ನಿಜವೇ? ಶಾಕ್ ಹೊಡೆಯುವ ಭಯವಿಲ್ಲವೇ?

ಉತ್ತರ: ನಿಜ. ಇವಕ್ಕೆ ಪವರ್‌ಲೈನ್ ಅಡಾಪ್ಟರ್ ಎನ್ನುತ್ತಾರೆ. ಒಂದನ್ನು ರೂಟರ್ ಪಕ್ಕದ ಪ್ಲಗ್‌ಗೆ ಸಿಕ್ಕಿಸಿ, ಲ್ಯಾನ್ ಕೇಬಲಿನಿಂದ ರೂಟರಿಗೆ ಜೋಡಿಸಬೇಕು. ಇನ್ನೊಂದನ್ನು ಮಗಳ ಕೋಣೆಯಲ್ಲಿ ಸಿಕ್ಕಿಸಿ, ಅಲ್ಲಿಂದ ಕಂಪ್ಯೂಟರಿಗೆ ಕೇಬಲ್ ಕೊಡಬೇಕು. ಫೋನಿಗೂ ಬೇಕೆಂದರೆ ವೈಫೈ ಸೇರಿರುವ ಮಾದರಿಗಳೂ ಇವೆ.

ಮನೆಯ ಕರೆಂಟ್ 50 ಅಥವಾ 60 ಹರ್ಟ್ಜ್‌ನಲ್ಲಿ ಹರಿಯುತ್ತದೆ. ಅಡಾಪ್ಟರ್ ಅದೇ ತಾಮ್ರದ ತಂತಿಯ ಮೇಲೆ ಸುಮಾರು 2ರಿಂದ 28 ಮೆಗಾಹರ್ಟ್ಜ್‌ವರೆಗಿನ ಬಹಳ ಕ್ಷೀಣವಾದ ಸಂಕೇತವನ್ನು ಏರಿಸುತ್ತದೆ. ಹೊಸ ಮಾದರಿಗಳು 86 ಮೆಗಾಹರ್ಟ್ಜ್‌ವರೆಗೂ ಹೋಗುತ್ತವೆ. ಎರಡರ ನಡುವೆ ಇಷ್ಟು ಅಂತರ ಇರುವುದರಿಂದ ಅವನ್ನು ಬೇರ್ಪಡಿಸುವುದು ಕಷ್ಟದ ಕೆಲಸವಲ್ಲ. ಕರೆಂಟಿನ ವೋಲ್ಟೇಜ್ ಲ್ಯಾನ್ ಕೇಬಲಿನ ಕಡೆ ದಾಟದಂತೆ ಅಡಾಪ್ಟರಿನೊಳಗೆ ತಡೆ ಇರುತ್ತದೆ. ಸುರಕ್ಷತಾ ಗುರುತು ಇರುವ ಒಳ್ಳೆಯ ಸಾಧನ ಕೊಂಡರೆ ಮೊಬೈಲ್ ಚಾರ್ಜರಿಗಿಂತ ಹೆಚ್ಚಿನ ಭಯ ಇದರಲ್ಲಿಲ್ಲ.

ತಂದರೆ ಸಾಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೋಡೆಯೊಳಗಿನ ವೈರು ಬಲ್ಬು, ಫ್ಯಾನುಗಳಿಗಾಗಿ ಎಳೆದದ್ದು. ಎಳೆದವರ ಕನಸಿನಲ್ಲೂ ಮೆಗಾಹರ್ಟ್ಜ್ ಇರಲಿಲ್ಲ. ಎರಡು ಪ್ಲಗ್‌ಗಳ ನಡುವೆ ಒಂದೇ ಗೋಡೆ ಇರಬಹುದು. ಆದರೆ ವೈರು ಒಂದರಿಂದ ಹೊರಟು, ಮೆಟ್ಟಿಲಿನ ಕೆಳಗಿರುವ ಡಿಸ್ಟ್ರಿಬ್ಯೂಷನ್ ಬೋರ್ಡ್ ತಲುಪಿ, ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ದಾಟಿ, ಇನ್ನೊಂದು ಎಂಸಿಬಿಯ ಮೂಲಕ ಮತ್ತೆ ಮೇಲೇರಿ ಎರಡನೆಯದನ್ನು ಮುಟ್ಟುತ್ತದೆ. ಸಂಕೇತ ನಡೆಯಬೇಕಾದ ದೂರ ಅದು. ದಾರಿಯ ಪ್ರತಿ ಜೋಡಣೆಯಲ್ಲೂ, ಪ್ರತಿ ಕವಲಿನಲ್ಲೂ ಅದರ ಕಸುವು ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ಎರಡು ಅಡಾಪ್ಟರುಗಳು ಬೇರೆ ಬೇರೆ ಫೇಸಿನ ಮೇಲೆ ಕುಳಿತರೆ ಏನಾಗುತ್ತದೆ ಎಂದು ಎಲೆಕ್ಟ್ರಿಷಿಯನ್ ಕೂಡ ಮೊದಲೇ ಹೇಳಲಾರರು. ವೈರುಗಳು ಒಂದೇ ಪೈಪಿನಲ್ಲಿ ಅಕ್ಕಪಕ್ಕ ಓಡಿದ್ದರೆ ಸಂಕೇತ ಹೇಗೋ ಜಿಗಿದು ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಪ್ಲಗ್ ಇನ್ವರ್ಟರಿನ ಲೈನಿನಲ್ಲಿದ್ದು ಇನ್ನೊಂದು ನೇರ ಲೈನಿನಲ್ಲಿದ್ದರೂ ಇದೇ ಗತಿ. ಎರಡೂ ಒಂದೇ ಕಡೆ ಇರಲಿ.

ಆದ್ದರಿಂದ ವಾಪಸು ತೆಗೆದುಕೊಳ್ಳುತ್ತೇವೆ ಎನ್ನುವ ಕಡೆಯೇ ಕೊಳ್ಳಿ. ಮೊದಲು ಎರಡನ್ನೂ ಹಜಾರದಲ್ಲೇ ಅಕ್ಕಪಕ್ಕದ ಪ್ಲಗ್‌ಗಳಿಗೆ ಸಿಕ್ಕಿಸಿ ವೇಗ ನೋಡಿ ಬರೆದಿಟ್ಟುಕೊಳ್ಳಿ. ಆ ಜೋಡಿಯ ತಾಕತ್ತು ಎಷ್ಟೆಂಬುದು ಆಗ ಗೊತ್ತಾಗುತ್ತದೆ. ಅನಂತರ ಒಂದನ್ನು ಮೇಲಕ್ಕೆ ಒಯ್ದು, ಕೋಣೆಯಲ್ಲಿರುವ ಒಂದೊಂದೇ ಪ್ಲಗ್‌ನಲ್ಲಿ ಪರೀಕ್ಷಿಸಿ. ಕಿಟಕಿಯ ಕೆಳಗಿನ ಪ್ಲಗ್‌ಗೂ ಬಾಗಿಲ ಪಕ್ಕದ ಪ್ಲಗ್‌ಗೂ ಎರಡರಷ್ಟು ವ್ಯತ್ಯಾಸ ಕಂಡರೆ ಬೆರಗಾಗಬೇಡಿ. ಅಡಾಪ್ಟರನ್ನು ಗೋಡೆಯ ಪ್ಲಗ್‌ಗೇ ನೇರವಾಗಿ ಸಿಕ್ಕಿಸಬೇಕು. ಸ್ಪೈಕ್ ಬಸ್ಟರ್ ಮತ್ತು ಯುಪಿಎಸ್‌ಗಳಲ್ಲಿರುವ ಫಿಲ್ಟರ್‌ಗೆ ಈ ಸಂಕೇತವೂ ಒಂದು ಕಸವೇ. ಅದನ್ನು ಅಲ್ಲೇ ನುಂಗಿಹಾಕುತ್ತದೆ.

ಒಂದು ಮಾತು ಸೇರಿಸದೆ ಮುಗಿಸಲಾರೆ. ಹಳೆಯ ಟೆಲಿಫೋನ್ ವೈರಿನ ಪೈಪ್ ಖಾಲಿ ಇದ್ದರೆ ಅಡಾಪ್ಟರ್ ಮರೆತು ಅದರಲ್ಲಿ ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್, ಯಾವ ತಕರಾರೂ ಇಲ್ಲದೆ. ಟಿವಿಯ ಕೊಆಕ್ಸಿಯಲ್ ಕೇಬಲ್ ಎರಡೂ ಕೋಣೆಗಳಿಗೆ ಹೋಗಿದ್ದರೆ ಅದರ ಮೇಲೆ ನಡೆಯುವ ಮೋಕಾ ಅಡಾಪ್ಟರುಗಳೂ ಪವರ್‌ಲೈನಿಗಿಂತ ವಾಸಿ. ಆದರೆ ಕರೆಂಟಿನ ವೈರಿರುವ ಪೈಪಿನಲ್ಲಿ ಮಾತ್ರ ಲ್ಯಾನ್ ಕೇಬಲ್ ತೂರಿಸಬೇಡಿ. ಯಾರು ಎಷ್ಟೇ ಧೈರ್ಯ ಹೇಳಿದರೂ ಅದು ಅಪಾಯ.

ಪ್ರಶ್ನೆ: ಅಡಾಪ್ಟರಿನ ಪೆಟ್ಟಿಗೆಯ ಮೇಲೆ ವೇಗ ಸೆಕೆಂಡಿಗೆ 600 ಮೆಗಾಬಿಟ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ನನಗೆ ಸಿಗುವುದು 94. ಬೆಳಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ. ಮನೆಯ ವೈರಿಂಗ್ ಬದಲಿಸಬೇಕೇ?

ಉತ್ತರ: ವೈರಿಂಗ್ ಮುಟ್ಟಬೇಡಿ, ನಿಮ್ಮದು ಚೊಕ್ಕಟವಾಗಿದೆ! ಪವರ್‌ಲೈನಿನ ವೇಗ ಎಂದೂ ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ. ಗಂಟೆಗೊಮ್ಮೆ ಏರಿಳಿಯುವುದು ಅದರ ಜಾಯಮಾನ. ಸದಾಕಾಲ 94 ಎಂದರೆ ತಡೆ ಬೇರೆ ಕಡೆ ಇದೆ. 600 ಎಂದು ಬರೆದ ಎಷ್ಟೋ ಅಡಾಪ್ಟರುಗಳಲ್ಲಿ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದೇ ಆಗಿರುತ್ತದೆ. ಜೊತೆಗೆ ಸಾಗುವ ವಿಳಾಸ ಮುಂತಾದ ಮಾಹಿತಿಯ ಹೊರೆ ಕಳೆದು ಅದರಿಂದ ಹೊರಬರುವುದು ಹೆಚ್ಚೆಂದರೆ ಈ 94, 95. ಇದು ಕಾನೂನಿನ ಕಣ್ಣಿಗೆ ಮೋಸವಲ್ಲದಿರಬಹುದು, ನನ್ನ ಕಣ್ಣಿಗೆ ಮೋಸವೇ.

ಪೋರ್ಟ್ ಗಿಗಾಬಿಟ್‌ನದೇ ಎಂದು ಕೈಪಿಡಿ ಹೇಳಿದರೆ ಲ್ಯಾನ್ ಕೇಬಲ್ ಬದಲಿಸಿ ನೋಡಿ. ಕೇಬಲಿನ ಎಂಟು ಎಳೆಗಳಲ್ಲಿ ಒಂದು ಕಡಿದಿದ್ದರೂ ಗಿಗಾಬಿಟ್ ಕೆಲಸ ಮಾಡದೆ ಸಂಪರ್ಕ 100ಕ್ಕೆ ಇಳಿದುಬಿಡಬಹುದು.

ಪೋರ್ಟಿನ ತಡೆ ಇಲ್ಲದಿದ್ದರೂ 600 ಸಿಗುವುದಿಲ್ಲ. ಆ ಅಂಕಿ ತಂತಿಯ ಮೇಲಿನ ಕಚ್ಚಾ ವೇಗ. ಕಳಿಸುವುದು, ಪಡೆಯುವುದು ಎರಡೂ ಸರದಿಯ ಮೇಲೆ ಅದರಲ್ಲೇ ನಡೆಯಬೇಕು; ತಪ್ಪು ತಿದ್ದುವ ಮಾಹಿತಿಗೂ ಅದರಲ್ಲೇ ಪಾಲು. ಪೆಟ್ಟಿಗೆಯ ಅಂಕಿಯ ಮೂರನೆಯ ಒಂದು ಭಾಗ ಕೈಗೆ ಬಂದರೆ ನಾನು ಸಂತೋಷಪಡುತ್ತೇನೆ.

ಪ್ರಶ್ನೆ: ಹಗಲೆಲ್ಲ ಚೆನ್ನಾಗಿರುತ್ತದೆ. ಸಂಜೆಯಾಯಿತೆಂದರೆ ವಿಡಿಯೊ ಕರೆ ತುಂಡು ತುಂಡಾಗುತ್ತದೆ. ಇಂಟರ್ನೆಟ್ ಕಂಪನಿಯವರು ತಮ್ಮ ಕಡೆ ದೋಷವಿಲ್ಲ ಎನ್ನುತ್ತಾರೆ.

ಉತ್ತರ: ಅವರನ್ನು ಬೈಯುವ ಮೊದಲು ಮನೆಯೊಳಗಿನ ಕಳ್ಳನನ್ನು ಹಿಡಿಯೋಣ. ಸಂಜೆ ನಿಮ್ಮಲ್ಲಿ ಏನೇನು ಹೊತ್ತಿಕೊಳ್ಳುತ್ತದೆ? ಎಲ್‌ಇಡಿ ದೀಪ, ಬೆಳಕು ತಗ್ಗಿಸುವ ಡಿಮ್ಮರ್, ಸಾಲು ಸಾಲಾಗಿ ಫೋನ್ ಚಾರ್ಜರ್. ಇವುಗಳಲ್ಲಿ ಅಗ್ಗದವು ವೈರಿನೊಳಕ್ಕೆ ಗದ್ದಲ ತುಂಬುತ್ತವೆ. ಮಿಕ್ಸರ್, ಡ್ರಿಲ್ಲಿನಂಥ ಬ್ರಷ್ ಮೋಟಾರುಗಳೂ ಕಡಿಮೆಯೇನಲ್ಲ, ಆದರೆ ಅವು ಸ್ವಲ್ಪ ಹೊತ್ತು ಅರಚಿ ನಿಲ್ಲುತ್ತವೆ. ಅಷ್ಟು ಕ್ಷೀಣವಾದ ಸಂಕೇತಕ್ಕೆ ಇದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತು ಪಿಸುಮಾತಾಡಿದ ಹಾಗೆ. ಅಡಾಪ್ಟರ್ ನಿಧಾನವಾಗಿ, ಮತ್ತೆ ಮತ್ತೆ ಹೇಳತೊಡಗುತ್ತದೆ; ಕರೆ ತುಂಡಾಗುವುದು ಅದಕ್ಕೇ.

ಹಿಡಿಯುವ ಬಗೆ ಹೀಗೆ. ತೊಂದರೆ ಕಾಣಿಸಿದ ಹೊತ್ತಿನಲ್ಲಿ, ಆ ಅಡಾಪ್ಟರಿಗೆ ಕೇಬಲಿನಿಂದ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ರೂಟರಿನ ವಿಳಾಸಕ್ಕೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ತೋರಿಸುವ ಆಜ್ಞೆ) ಕೊಟ್ಟು ಓಡಲು ಬಿಡಿ. ಪಿಂಗ್ ಇಂಟರ್ನೆಟ್ಟಿಗಲ್ಲ, ರೂಟರಿಗೆ, ಇದು ಮುಖ್ಯ. ಆರೋಗ್ಯವಾಗಿರುವ ಪವರ್‌ಲೈನಿನಲ್ಲಿ ಉತ್ತರಗಳು ನಾಲ್ಕಾರು ಮಿಲಿಸೆಕೆಂಡಿನಲ್ಲಿ ಸಾಲಾಗಿ ಬೀಳುತ್ತವೆ. ಈಗ ನಡುನಡುವೆ ನೂರರ ಆಸುಪಾಸಿನ ಅಂಕಿಗಳು, ಆಗೊಮ್ಮೆ ಉತ್ತರವೇ ಇಲ್ಲದ ಸಾಲು ಕಾಣುತ್ತಿರಬೇಕು. ಕಾಣದಿದ್ದರೆ ದೋಷ ಮನೆಯ ಹೊರಗಿದೆ, ಕಂಪನಿಯವರಿಗೆ ಧಾರಾಳವಾಗಿ ಫೋನ್ ಮಾಡಿ. ಕಂಡರೆ ಪರದೆಯ ಮೇಲೆ ಕಣ್ಣಿಟ್ಟು, ಇನ್ನೊಬ್ಬರಿಂದ ಮನೆಯ ಸಾಧನಗಳನ್ನು ಒಂದೊಂದಾಗಿ ಕೀಳಿಸಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಯಾವುದನ್ನು ಕಿತ್ತ ಕೂಡಲೇ ಅಂಕಿಗಳು ಥಟ್ಟನೆ ಇಳಿದು ಸಮವಾಗುತ್ತವೋ ಅದೇ ಕಳ್ಳ. ಬಹಳ ಸಲ ಅದು ಅಡಾಪ್ಟರಿನ ಪಕ್ಕದ ಸಾಕೆಟ್ಟಿನಲ್ಲೇ ಕುಳಿತ, ಯಾವುದೋ ಆಟಿಕೆಯ ಜೊತೆ ಬಂದ ಹೆಸರಿಲ್ಲದ ಚಾರ್ಜರ್ ಆಗಿರುತ್ತದೆ.

ಸಿಕ್ಕ ಸಾಧನವನ್ನು ಎಸೆಯಬೇಕಿಲ್ಲ. ಮೊದಲ ಉತ್ತರದಲ್ಲಿ ದೂರವಿಡಿ ಎಂದೆನಲ್ಲ, ಆ ಫಿಲ್ಟರ್ ಇರುವ ಸ್ಪೈಕ್ ಬಸ್ಟರಿಗೆ ಅದನ್ನು ಸಿಕ್ಕಿಸಿ. ಗದ್ದಲದ ಬಹುಪಾಲು ಅಲ್ಲೇ ಅಡಗುತ್ತದೆ. ಮೈಮೇಲೆ ಇನ್ನೊಂದು ಸಾಕೆಟ್ ಇರುವ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇಂಥ ಫಿಲ್ಟರ್ ಸೇರಿಯೇ ಬರುತ್ತದೆ.

ಪ್ರಶ್ನೆ: ಹಳೆಯ ಜೋಡಿ ಇತ್ತು. ಇನ್ನೊಂದು ಕೋಣೆಗೆಂದು ಹೊಸದೊಂದು ತಂದೆ. ಮೂರೂ ಪರಸ್ಪರ ಗುರುತಿಸುತ್ತಲೇ ಇಲ್ಲ.

ಉತ್ತರ: ಪೆಟ್ಟಿಗೆಯ ಮೇಲೆ ಯಾವ ಮಾನದಂಡದ ಹೆಸರಿದೆ ನೋಡಿ, ಕಂಪನಿ ಯಾವುದೆಂಬುದು ಇಲ್ಲಿ ಗೌಣ. 2001ರ ಹೋಮ್‌ಪ್ಲಗ್ 1.0 ಗರಿಷ್ಠ 14 ಮೆಗಾಬಿಟ್‌ನದು. 2005ರಲ್ಲಿ ಬಂದ ಹೋಮ್‌ಪ್ಲಗ್ ಎವಿ 200 ಮೆಗಾಬಿಟ್‌ನದು, ಅದು 1.0 ಜೊತೆ ಒಂದೇ ತಂತಿಯಲ್ಲಿ ಬಾಳಬಲ್ಲದು, ಮಾತಾಡಲಾರದು. ಎವಿ ಮತ್ತು ಅದರ ಮುಂದಿನ ಎವಿ2 ಮಾತ್ರ ಒಂದಕ್ಕೊಂದು ಹೊಂದುತ್ತವೆ. ಜಿ.ಎಚ್‌ಎನ್ ಎಂಬುದು ಬೇರೆಯೇ ಮನೆತನ, ಹೋಮ್‌ಪ್ಲಗ್‌ನೊಂದಿಗೆ ಅದರ ಮಾತುಕತೆಯೇ ಇಲ್ಲ. ಎರಡೂ ಸಾಧನಗಳು ಒಂದೇ ಕುಟುಂಬದವಾಗಿದ್ದರೆ ಹಳೆಯದರ ಪೇರ್ (ಜೊತೆಗೂಡಿಸುವ) ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಹೊಸದರ ಗುಂಡಿ ಒತ್ತಿ. ಬೇರೆಯಾಗಿದ್ದರೆ ಹೊಸದನ್ನು ಹಿಂದಿರುಗಿಸುವುದೊಂದೇ ದಾರಿ.

ಪ್ರಶ್ನೆ: ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಪಕ್ಕದವರು ಇಂಥದೇ ಅಡಾಪ್ಟರ್ ಸಿಕ್ಕಿಸಿ ನಮ್ಮ ಜಾಲದೊಳಗೆ ನುಸುಳಬಹುದೇ?

ಉತ್ತರ: ಗುಂಡಿ ಒತ್ತಿ ಪೇರ್ ಮಾಡದೆ ಹಾಗೆಯೇ ಬಿಟ್ಟಿದ್ದರೆ ನುಸುಳಬಹುದು. ಕರೆಂಟಿನ ಮೀಟರ್ ಈ ಸಂಕೇತಕ್ಕೆ ಬೀಗವಲ್ಲ. ಕಾರ್ಖಾನೆಯಿಂದ ಬರುವಾಗ ಎಷ್ಟೋ ಅಡಾಪ್ಟರುಗಳಲ್ಲಿ ಒಂದೇ ಪಾಸ್‌ವರ್ಡ್ ಇರುತ್ತದೆ. ಪೇರ್ ಮಾಡಿದ ಕೂಡಲೇ ಮಾಹಿತಿಯನ್ನು ಗೂಢವಾಗಿಸುವ, ನಿಮ್ಮದೇ ಆದ 128 ಬಿಟ್ ಕೀಲಿ ಹುಟ್ಟುತ್ತದೆ. ಒಂದು ನಿಮಿಷದ ಕೆಲಸ, ಇವತ್ತೇ ಮಾಡಿ.

ಪ್ರಶ್ನೆ: ಅಡಾಪ್ಟರ್ ಹಾಕಿದಂದಿನಿಂದ ತಂದೆಯವರ ಶಾರ್ಟ್‌ವೇವ್ ರೇಡಿಯೊದಲ್ಲಿ ಕರಕರ ಸದ್ದು ಹೆಚ್ಚಾಗಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇದೆ. ಶಾರ್ಟ್‌ವೇವ್ ಇರುವುದು 3ರಿಂದ 30 ಮೆಗಾಹರ್ಟ್ಜ್ ನಡುವೆ. ನಿಮ್ಮ ಅಡಾಪ್ಟರ್ ಓಡಾಡುವುದೂ ಅಲ್ಲೇ. ಗೋಡೆಯ ವೈರುಗಳಿಗೆ ಕವಚವಿಲ್ಲದ ಕಾರಣ ಅವು ಆಂಟೆನಾ ಆಗಿಬಿಡುತ್ತವೆ. ಹವ್ಯಾಸಿ ರೇಡಿಯೊದವರ ತರಂಗ ಪಟ್ಟಿಗಳನ್ನು ಹೋಮ್‌ಪ್ಲಗ್ ಎವಿ ಬಿಟ್ಟು ನಡೆಯುತ್ತದೆ, ಪ್ರಸಾರ ಕೇಂದ್ರಗಳ ಪಟ್ಟಿಗಳಿಗೆ ಆ ಕರುಣೆ ಇಲ್ಲ. ರೇಡಿಯೊವನ್ನು ಬ್ಯಾಟರಿಯಲ್ಲಿ ನಡೆಸಿ, ಗೋಡೆಯಿಂದ ಆದಷ್ಟು ದೂರ, ಸಾಧ್ಯವಾದರೆ ಅಂಗಳದಲ್ಲಿಟ್ಟು ನೋಡಿ. ಅಲ್ಲೂ ಕರಕರ ನಿಲ್ಲದಿದ್ದರೆ ಅವರು ವಾರ್ತೆ ಕೇಳುವ ಹೊತ್ತಿನಲ್ಲಿ ಎರಡೂ ಅಡಾಪ್ಟರುಗಳನ್ನು ಕಿತ್ತಿಡಿ.